ಕೈವಿದ್ಯೆಗೆ ಗೌರವ ತಂದ ವಿಶ್ವೇಶ್ವರಯ್ಯನವರು

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆ ಹೆಸರಿನೊಡನೆ ಕೃಷ್ಣರಾಜಸಾಗರವೂ ಭದ್ರಾವತಿಯೂ ಕಣ್ಮುಂದೆ ನಿಲ್ಲುವುದು ಸಹಜ. ಆದರೆ ಎಂಬತ್ತು ದಾಟಿದ ಮೇಲೆ ಅವರು ನೆಟ್ಟ ಒಂದು ವಿದ್ಯಾವೃಕ್ಷದ ನೆನಪು ಜನಮನದಲ್ಲಿ ಅಷ್ಟಾಗಿ ಉಳಿದಿಲ್ಲ. ಪದವಿಯವರೆಗೆ ಹೋಗಲಾರದ ತರುಣರಿಗೆ ಬದುಕುವ ವಿದ್ಯೆಯನ್ನು ಕೊಡಬೇಕೆಂಬ ಸಂಕಲ್ಪದಿಂದ ಹುಟ್ಟಿದ ಆ ಶಾಲೆಯ ಹಿಂದೆ ಅವರ ಇಡೀ ಜೀವಮಾನದ ಅನುಭವವಿದೆ.

ಅವರು ಜನಿಸಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. ಮಧುಗಿರಿ, ಕೊರಟಗೆರೆಗಳ ಸೀಮೆಯಂತೆಯೇ ಅದೂ ಮಳೆಯನ್ನೂ ಕೆರೆಯನ್ನೂ ನಂಬಿದ ನಾಡು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಎಳೆಯ ವಯಸ್ಸಿನಲ್ಲಿಯೇ ಪಿತೃವಿಯೋಗವಾಯಿತು. ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯ ಪಡೆದು, ಮಕ್ಕಳಿಗೆ ಮನೆಪಾಠ ಹೇಳಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವೀಧರರಾದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮಸ್ಥಾನ ಗಳಿಸಿದರು. ಅನ್ಯರ ನೆರವಿಲ್ಲದಿದ್ದರೆ ತಮ್ಮ ವಿದ್ಯೆ ನಡುದಾರಿಯಲ್ಲಿಯೇ ನಿಲ್ಲುತ್ತಿತ್ತೆಂಬ ಅರಿವು ಅವರನ್ನು ಎಂದೂ ಬಿಟ್ಟಂತೆ ತೋರುವುದಿಲ್ಲ.

1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಅವರ ವೃತ್ತಿಜೀವನ ಆರಂಭವಾಯಿತು. ಅಣೆಕಟ್ಟಾಗಲಿ ಕಾಲುವೆಯಾಗಲಿ ನೆಲದ ಮೇಲೆ ಏಳುವುದಕ್ಕೆ ಮೊದಲು ಕಾಗದದ ಮೇಲೆ ಏಳಬೇಕು. ಮೇಲಿನಿಂದ ಕಂಡ ನೋಟ, ಎದುರಿನಿಂದ ಕಂಡ ನೋಟ, ಸೀಳಿ ತೋರಿಸಿದ ಒಳನೋಟ, ಇವೆಲ್ಲವೂ ಒಂದೇ ಅಳತೆಗೆ ಬದ್ಧವಾಗಿ ನಕ್ಷೆಯಲ್ಲಿ ಮೂಡಬೇಕು. ಗೆರೆ ಕೂದಲೆಳೆಯಷ್ಟು ತಪ್ಪಿದರೆ ಕಟ್ಟಡದಲ್ಲಿ ಅದು ಮೊಳವಾಗುತ್ತದೆ. ಪುಣೆಯ ಬಳಿ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಇಂತಹ ನಿಖರತೆಯ ಫಲ. ಕಟ್ಟೆಯನ್ನು ಎತ್ತರಿಸದೆಯೇ ಅವು ಸುಮಾರು 8 ಅಡಿ ಹೆಚ್ಚು ನೀರನ್ನು ನಿಲ್ಲಿಸಿದವು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದ ಮೇಲೆ ಕೃಷ್ಣರಾಜಸಾಗರಕ್ಕೆ ಮೊದಲು ದೊರೆತದ್ದು ಕಡಮೆ ಎತ್ತರದ ಅನುಮತಿ. ಆದರೂ ಮುಂದಿನ ಪೂರ್ಣ ಎತ್ತರವನ್ನು ಹೊರಬಲ್ಲಂತೆ ತಳಹದಿಯನ್ನು ಹಾಕಿಸಿದ್ದು ಅವರ ದೂರದೃಷ್ಟಿ.

1912ರಲ್ಲಿ ಅವರು ಮೈಸೂರಿನ ದಿವಾನರಾದರು. 1913ರಲ್ಲಿ ಹೆಬ್ಬಾಳದ ಕೃಷಿಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿದವು. ಅದೇ 1917ರಲ್ಲಿ ಒಕ್ಕಲಿಗ, ವೀರಶೈವ ಮೊದಲಾದ ಸಮುದಾಯಗಳ ಮುಖಂಡರು ಪ್ರಜಾಮಿತ್ರ ಮಂಡಳಿಯನ್ನು ಸ್ಥಾಪಿಸಿ, ವಿದ್ಯೆಯಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ತಮಗೆ ನ್ಯಾಯವಾದ ಪಾಲನ್ನು ಕೇಳಿದರು. 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಹುದ್ದೆಗೆ ಮಾನದಂಡವಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗದೆ ಅವರು ದಿವಾನಗಿರಿಯಿಂದ ನಿವೃತ್ತರಾದರು. ಶಾಲೆಯ ಹೊಸ್ತಿಲನ್ನೇ ತುಳಿಯದ ಮನೆತನಗಳಿಗೆ ಯೋಗ್ಯತೆಯನ್ನು ಸಂಪಾದಿಸುವ ಅವಕಾಶವೇ ಇರಲಿಲ್ಲವೆಂಬುದೂ ಸತ್ಯ. ಮಹಾಪುರುಷರ ಚರಿತ್ರೆಯನ್ನು ಹೇಳುವಾಗ ಈ ಮಾತನ್ನು ಮರೆಮಾಚುವುದು ಗೌರವವಲ್ಲ.

ಆದರೆ ಆ ಅವಕಾಶದ ಪ್ರಶ್ನೆಗೆ ಮತ್ತೊಂದು ಕಡೆಯಿಂದ ಉತ್ತರ ಕೊಡುವ ಕಾರ್ಯ ಅವರ ಕೈಯಿಂದಲೇ ನಡೆಯಿತು. 1921-22ರಲ್ಲಿ ಅವರು ಮುಂಬಯಿ ಪ್ರಾಂತದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಯ ಅಧ್ಯಕ್ಷರಾಗಿದ್ದರು. 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು ಹೊತ್ತು, ನಷ್ಟದ ಹಾದಿಯಲ್ಲಿದ್ದ ಅದನ್ನು ನಿಲ್ಲಿಸಿದರು. ಯಂತ್ರವನ್ನು ಹಣ ಕೊಟ್ಟು ತರಿಸಬಹುದು. ಅದನ್ನು ನಡೆಸುವ ಕೈಯನ್ನು ನಾವೇ ಬೆಳೆಸಬೇಕು. ಇಂಜಿನಿಯರಿಗೂ ಕೂಲಿಯಾಳಿಗೂ ನಡುವೆ ನಕ್ಷೆ ಬರೆಯುವವನು, ಅದನ್ನು ಓದಿ ಕೆಲಸ ಮಾಡಿಸುವ ಮೇಸ್ತ್ರಿ ಇಲ್ಲದಿದ್ದರೆ ಕಾರ್ಖಾನೆ ನಡೆಯದು. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ಬಳಸದೆ, ಇಂತಹವರನ್ನು ತಯಾರು ಮಾಡುವ ಶಾಲೆಗೆ ವಿನಿಯೋಗಿಸಲು ಸೂಚಿಸಿದರು. ಅದರ ಫಲವಾಗಿ 1943ರಲ್ಲಿ ಬೆಂಗಳೂರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆ ಆರಂಭವಾಯಿತು. ಅದಕ್ಕೆ ತಮ್ಮ ಹೆಸರನ್ನು ಒಪ್ಪದೆ, ಮಹಾರಾಜ ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಿಸಿದರು.

ಮುಂದೆ ಪಾಲಿಟೆಕ್ನಿಕ್ ಎಂದು ಪ್ರಸಿದ್ಧವಾದ ಆ ಸಂಸ್ಥೆಯಲ್ಲಿ ಛಾಯಾಗ್ರಹಣವನ್ನೂ ಕಲಿಸಿದರು. ಮೈಸೂರಿನ ವಿ. ಕೆ. ಮೂರ್ತಿಯವರು ಅಲ್ಲಿಯೇ ಕಲಿತು ಹಿಂದಿ ಚಲನಚಿತ್ರರಂಗದ ಹಿರಿಯ ಛಾಯಾಗ್ರಾಹಕರಾಗಿ, 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ತಂದೆಯ ಕುಲುಮೆಯಲ್ಲಿ ಮಗನು ಕಲಿಯುತ್ತಿದ್ದ ಕಸುಬು ಹೀಗೆ ಹುಟ್ಟಿನ ಹಂಗನ್ನು ತೊರೆದು, ಬಯಸಿ ಬಂದವರಿಗೆಲ್ಲ ದಕ್ಕುವ ವಿದ್ಯೆಯಾಯಿತು.

ಅಳತೆಯ ನಿಯಮವನ್ನು ವಿಶ್ವೇಶ್ವರಯ್ಯನವರು ಕಾಗದಕ್ಕೆ ಮಾತ್ರ ಮೀಸಲಿಡಲಿಲ್ಲ. ಮಿತವಾದ ಊಟ, ಹೊತ್ತಿಗೆ ಸರಿಯಾದ ನಡಿಗೆ, ನಿದ್ರೆಗಳಿಂದ ನೂರು ವರ್ಷ ಬಾಳಿದರು. ಅಡಿಗೆಮನೆಯ ಅನುಭವವೂ ಇಂದು ಶಾಸ್ತ್ರವಾಗಿದೆ. ಮೈಸೂರಿನಲ್ಲಿ 1950ರಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ನೆಲೆಗೊಂಡಿತು. ರೋಗಿಗೆ ಎಷ್ಟು ರಾಗಿ, ಎಷ್ಟು ಬೇಳೆ, ಎಷ್ಟು ಉಪ್ಪು ಎಂಬುದನ್ನು ಲೆಕ್ಕಹಾಕುವ ಪಥ್ಯಶಾಸ್ತ್ರವನ್ನು ಕಲಿತವರು ಆಸ್ಪತ್ರೆಗಳಲ್ಲಿ ಉದ್ಯೋಗ ಪಡೆಯುತ್ತಿದ್ದಾರೆ. ನಕ್ಷೆಗಾರನ ಗೆರೆಗೂ ಪಥ್ಯ ಬಲ್ಲವಳ ತಕ್ಕಡಿಗೂ ಮೂಲಧರ್ಮ ಒಂದೇ.

1955ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಪಡೆದ ಅವರು 1962ರ ಏಪ್ರಿಲ್ ತಿಂಗಳಿನಲ್ಲಿ ಕಾಲಾಧೀನರಾದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಿಂದ ಬರುವ ಎಲ್ಲ ಮಕ್ಕಳೂ ಪದವೀಧರರಾಗಲಾರರು. ಅವರನ್ನು ವಿದ್ಯೆ ಹತ್ತದವರೆಂದು ಕೈಬಿಡದೆ, ಅಂಕಪಟ್ಟಿಯ ಜೊತೆಗೆ ಕೈಯನ್ನೂ ನೋಡುವ ಅಧ್ಯಾಪಕರು, ಗೋಪುರದಷ್ಟೇ ಶ್ರದ್ಧೆಯಿಂದ ನಕ್ಷೆಯ ಮೇಜಿಗೂ ಪ್ರಯೋಗದ ಅಡಿಗೆಮನೆಗೂ ಕೊಡುವ ದಾನಿಗಳು ಇರುವಲ್ಲಿ ಆ ಮಹನೀಯರ ಕಾರ್ಯ ಮುಂದುವರಿಯುತ್ತದೆ.