ಕತ್ತಿವರಸೆಯ ಹಿಂದಿನ ನಾದ: ಫೂಮಿಯೊ ಹಯಾಸಾಕ

ವಾರದ ದುಡಿಮೆ ಮುಗಿಸಿ ರಜೆಯ ದಿನ ಚಿತ್ರಮಂದಿರದ ದಾರಿ ಹಿಡಿಯುವ ನಮ್ಮ ವಾಚಕ ಬಂಧುಗಳಿಗೆ ಕಾಳಗದ ಚಿತ್ರಗಳ ಮೇಲೆ ವಿಶೇಷ ಮಮತೆಯುಂಟೆಂಬುದನ್ನು ನಾವು ಬಲ್ಲೆವು. ಕತ್ತಿ ಹಿಡಿದ ವೀರನ ಹೆಸರು ಎಲ್ಲರ ನಾಲಗೆಯ ಮೇಲೂ ಇರುತ್ತದೆ. ಆದರೆ ಆತನು ಹೆಜ್ಜೆಯಿಟ್ಟು ಬರುವಾಗ ನಮ್ಮ ಎದೆಯನ್ನು ನಡುಗಿಸಿದ ಆ ಡೋಲಿನ ಬಡಿತ, ಆ ತುತ್ತೂರಿಯ ಸ್ವರ ಯಾರ ಕೈಬರಹವೆಂದು ಕೇಳುವವರು ವಿರಳ. ಸಾಂಬಾರನ್ನು ಹೊಗಳಿ ಹೋಗುವ ಗಿರಾಕಿಗೆ ಒಳಗೆ ಒಲೆಯ ಮುಂದೆ ನಿಂತವನ ಹೆಸರು ತಿಳಿಯುವುದಿಲ್ಲ, ಇದೂ ಹಾಗೆಯೇ. ಅಂತಹ ಒಲೆಯ ಮುಂದೆ ನಿಂತು, ನಲವತ್ತೊಂದನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದ ಜಪಾನಿನ ಸಂಗೀತ ರಚನಕಾರ ಫೂಮಿಯೊ ಹಯಾಸಾಕ ಅವರ ಜೀವನವನ್ನು ಇಂದು ನಿರೂಪಿಸುತ್ತೇವೆ.

ಹಯಾಸಾಕ ಜನಿಸಿದುದು 1914ನೆಯ ಇಸವಿ ಆಗಸ್ಟ್ 19ರಂದು, ಸೆಂದೈ ಪಟ್ಟಣದಲ್ಲಿ. ಅವರ ಎಳವೆಯಲ್ಲಿಯೇ ಕುಟುಂಬವು ಉತ್ತರದ ಹೊಕ್ಕೈಡೊ ದ್ವೀಪದ ಸಪ್ಪೊರೊ ನಗರಕ್ಕೆ ಹೋಗಿ ನೆಲೆಸಿತು. ರಾಜಧಾನಿ ಟೋಕಿಯೊದಿಂದ ಬಹುದೂರದ ಹಿಮದ ನಾಡು ಅದು. ದೊಡ್ಡ ಸಂಗೀತ ಶಾಲೆಗಳಾಗಲಿ ಹೆಸರಾಂತ ಗುರುಗಳಾಗಲಿ ಅಲ್ಲಿ ಸುಲಭವಾಗಿ ಸಿಗುವಂತಿರಲಿಲ್ಲ. ಹಯಾಸಾಕರು ಬಹುಮಟ್ಟಿಗೆ ಸ್ವಂತ ಅಭ್ಯಾಸದಿಂದಲೇ ವಿದ್ಯೆಯನ್ನು ಕೂಡಿಸಿಕೊಂಡರು. ಅದೇ ಊರಿನಲ್ಲಿ ಅವರಿಗೆ ಸಮವಯಸ್ಕನಾದ ಒಬ್ಬ ಗೆಳೆಯನು ದೊರೆತನು. ಅಕೀರ ಇಫುಕುಬೆ ಎಂಬ ಆ ತರುಣನು ಮುಂದೆ ಕೆಲಕಾಲ ಅರಣ್ಯ ಇಲಾಖೆಯ ನೌಕರಿ ಮಾಡುತ್ತಲೇ ಸಂಗೀತ ಬರೆದವನು. ಇವರಿಬ್ಬರೂ ಸೇರಿ 1933ರಲ್ಲಿ ಹೊಸ ಸಂಗೀತಕ್ಕಾಗಿ ಒಂದು ಕೂಟವನ್ನು ಕಟ್ಟಿ, ಮರುವರ್ಷ ಸಪ್ಪೊರೊದಲ್ಲಿಯೇ ಒಂದು ಸಂಗೀತೋತ್ಸವವನ್ನು ನಡೆಸಿದರು. ಇಬ್ಬರಿಗೂ ಆಗ ಇಪ್ಪತ್ತರ ಹರೆಯ.

ಐರೋಪ್ಯ ವಾದ್ಯಗಳನ್ನು ಬಳಸಬೇಕು, ಆದರೆ ನುಡಿಯುವ ನಾದ ಪೂರ್ವದೇಶದ್ದಾಗಿರಬೇಕು ಎಂಬುದು ಹಯಾಸಾಕರ ಹಂಬಲವಾಗಿತ್ತು. ಆಸ್ಟ್ರಿಯದ ಪ್ರಖ್ಯಾತ ವಾದ್ಯವೃಂದ ನಿರ್ದೇಶಕ ವೈನ್‌ಗಾರ್ಟ್‌ನರ್ ಜಪಾನೀ ರಚನಕಾರರಿಗಾಗಿ ಏರ್ಪಡಿಸಿದ್ದ ಪಾರಿತೋಷಕವು 1938ರಲ್ಲಿ ಅವರ ‘ಪುರಾತನ ನೃತ್ಯ’ವೆಂಬ ಕೃತಿಗೆ ಲಭಿಸಿತು. ಮರುವರ್ಷ, 1939ರಲ್ಲಿ, ಅವರು ಟೋಕಿಯೊ ನಗರಕ್ಕೆ ಬಂದು ತೋಹೊ ಚಿತ್ರಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಊರು ಬಿಟ್ಟು ಮಹಾನಗರಕ್ಕೆ ಬಂದು ಹೊಟ್ಟೆಪಾಡಿನ ಕಸುಬಿನೊಳಗೇ ತನ್ನ ಕಲೆಯನ್ನು ಉಳಿಸಿಕೊಳ್ಳುವುದೆಂದರೇನೆಂದು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಹಾಯುದ್ಧ ಮುಗಿದ ಮೇಲೆ ಅವರ ಬಾಳಿನ ಮುಖ್ಯ ಸ್ನೇಹವು ಕುದುರಿತು. 1948ರಲ್ಲಿ ‘ಕುಡುಕ ದೇವದೂತ’ವೆಂಬ ಚಿತ್ರದಲ್ಲಿ ಅವರು ನಿರ್ದೇಶಕ ಅಕೀರ ಕುರೊಸಾವರೊಡನೆ ಮೊದಲ ಬಾರಿಗೆ ದುಡಿದರು. ಆ ಚಿತ್ರ ತಯಾರಾಗುತ್ತಿದ್ದಾಗಲೇ ಕುರೊಸಾವರ ತಂದೆ ತೀರಿಕೊಂಡರು. ದುಃಖದಿಂದ ಬೀದಿಯಲ್ಲಿ ನಡೆಯುತ್ತಿದ್ದ ಅವರ ಕಿವಿಗೆ ಧ್ವನಿವರ್ಧಕದಿಂದ ಉಲ್ಲಾಸದ ಕೋಗಿಲೆಯ ನೃತ್ಯಗೀತವೊಂದು ಬಿದ್ದು, ಸಂಕಟವು ಇಮ್ಮಡಿಸಿತು. ಆ ಅನುಭವವನ್ನೇ ಇಬ್ಬರೂ ಚಿತ್ರಕ್ಕೆ ತಂದರು. ಬಲವನ್ನೆಲ್ಲ ಕಳೆದುಕೊಂಡ ರೌಡಿಯೊಬ್ಬನು ಸಂತೆಬೀದಿಯಲ್ಲಿ ತಲೆತಗ್ಗಿಸಿ ನಡೆಯುವಾಗ ಹಿನ್ನೆಲೆಯಲ್ಲಿ ಆ ಸಂತೋಷದ ಗೀತವೇ ಕೇಳುತ್ತದೆ. ಅಳುವ ದೃಶ್ಯಕ್ಕೆ ಅಳುವ ವಾದ್ಯವೇ ಬೇಕೆಂಬ ಕಟ್ಟಳೆಯನ್ನು ಅವರು ಹೀಗೆ ಮುರಿದರು.

1950ರ ‘ರಾಶೊಮಾನ್’ ಚಿತ್ರದಲ್ಲಿ ಹೆಣ್ಣೊಬ್ಬಳ ಸಾಕ್ಷ್ಯದ ಭಾಗಕ್ಕೆ ಸ್ಪೇನಿನ ಬೊಲೆರೊ ನೃತ್ಯದ ಲಯ ಬೇಕೆಂದು ಕುರೊಸಾವರು ಕೇಳಿದರು. ಹಯಾಸಾಕರು ಬರೆದುಕೊಟ್ಟರು. ಅದು ಫ್ರೆಂಚ್ ರಚನಕಾರ ರಾವೆಲ್ ಅವರ ಪ್ರಸಿದ್ಧ ಕೃತಿಯನ್ನು ಹೋಲುತ್ತದೆಂದು ಆಕ್ಷೇಪಿಸಿದವರುಂಟು. ಆದರೆ 1951ರಲ್ಲಿ ಆ ಚಿತ್ರವು ವೆನಿಸ್ ಉತ್ಸವದ ಸುವರ್ಣಸಿಂಹವನ್ನು ಗೆದ್ದು, ಜಪಾನೀ ಚಿತ್ರಗಳತ್ತ ಲೋಕದ ಕಣ್ಣನ್ನು ತಿರುಗಿಸಿತು.

ಸೋತ ಜಪಾನಿನಲ್ಲಿ ಆಡಳಿತ ನಡೆಸಿದ ಅಮೆರಿಕದ ಅಧಿಕಾರಿಗಳು ಕತ್ತಿವರಸೆಯ ಚಿತ್ರಗಳನ್ನು ಬಿಗಿಯಾಗಿ ಹತ್ತಿಕ್ಕಿದ್ದರು. ಆ ಆಡಳಿತವು 1952ರಲ್ಲಿ ಕೊನೆಗೊಂಡಿತು. ಎರಡು ವರ್ಷಗಳ ತರುವಾಯ, 1954ರ ಏಪ್ರಿಲಿನಲ್ಲಿ, ‘ಏಳು ಸಮುರಾಯಿಗಳು’ ತೆರೆ ಕಂಡಿತು. ಮೂರೂವರೆ ಗಂಟೆಗೆ ಸಮೀಪದ ಚಿತ್ರ. ಡಕಾಯಿತರ ಕಾಟ ತಾಳಲಾರದ ರೈತರು ಏಳು ಮಂದಿ ಯೋಧರನ್ನು ಕರೆತರುತ್ತಾರೆ. ಕೊಡಲು ಹಣವಿಲ್ಲದುದರಿಂದ ಹೊಟ್ಟೆತುಂಬ ಅನ್ನವೇ ಸಂಬಳ. ಹಯಾಸಾಕರು ಈ ಕಥೆಯ ಒಂದೊಂದು ಪಂಗಡಕ್ಕೂ ಒಂದೊಂದು ನಾದವನ್ನು ಹಂಚಿಕೊಟ್ಟರು. ಹೆಸರುಗಳು ಮೂಡುವಾಗಲೇ ಡೋಲಿನ ಭಾರವಾದ ಬಡಿತ. ಅದು ಡಕಾಯಿತರ ಸುಳಿವು. ಯೋಧರಿಗೆ ತುತ್ತೂರಿಯ ಗಂಭೀರ ಸ್ವರ. ರೈತರಿಗೆ ಮಾತಿಲ್ಲದ, ತಗ್ಗಿದ ದನಿಯ ಗುನುಗು. ರೈತನ ಮಗನಾಗಿ ಹುಟ್ಟಿ ಯೋಧನೆಂದು ಹೇಳಿಕೊಳ್ಳುವ ಕಿಕುಚಿಯೊ ಬಂದಾಗ ದಪ್ಪ ದನಿಯ ಊದುವಾದ್ಯವೂ ಕೀಚಲು ದನಿಯ ಪುಟ್ಟ ಕೊಳಲೂ ಜಗಳವಾಡುತ್ತವೆ.

ಇಷ್ಟೆಲ್ಲ ಬರೆದವರು, ಸುರಿಯುವ ಮಳೆಯಲ್ಲಿ ಕೊನೆಯ ಕಾಳಗ ನಡೆಯುವ ಹೊತ್ತಿಗೆ ವಾದ್ಯಗಳನ್ನು ಕೆಳಗಿಟ್ಟರು. ಅಲ್ಲಿ ಕೇಳುವುದು ಮಳೆ, ಕುದುರೆಯ ಗೊರಸು, ಕೆಸರು, ಕೂಗು, ಇಷ್ಟೇ. ಬೇರೆ ಚಿತ್ರಗಳಲ್ಲಿ ವಾದ್ಯವೃಂದವು ಅಬ್ಬರಿಸುವುದೇ ಅಂತಹ ಜಾಗದಲ್ಲಿ. ಸಂಗೀತವಿದ್ದಿದ್ದರೆ ಆ ಸಾವುಗಳು ಸೊಗಸಾಗಿ ಕಾಣುತ್ತಿದ್ದವು. ಅದಿಲ್ಲದ ಕಾರಣ ಅವು ಸಾವುಗಳಾಗಿಯೇ ಉಳಿದವೆಂಬುದು ನಮ್ಮ ಅಭಿಪ್ರಾಯ. ಏಳರಲ್ಲಿ ನಾಲ್ವರು ಮಡಿದ ಮೇಲೆ ಹಳ್ಳಿಗರು ಕೊಳಲು ಡೋಲುಗಳೊಡನೆ ಹಾಡುತ್ತ ಭತ್ತದ ಸಸಿಗಳನ್ನು ನೆಡುತ್ತಾರೆ. ಕರಾವಳಿಯಲ್ಲಿ ನೇಜಿ ನೆಟ್ಟ ಕೈಗಳಿಗೆ ಆ ಹಾಡಿನ ಲಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಹಯಾಸಾಕರನ್ನು ಕ್ಷಯರೋಗವು ಬಹುಕಾಲದಿಂದ ತಿನ್ನುತ್ತಿತ್ತು. ಆದರೂ ಅದೇ 1954ರಲ್ಲಿ ಮತ್ತೊಬ್ಬ ಮಹಾನಿರ್ದೇಶಕ ಕೆಂಜಿ ಮಿಝೋಗುಚಿಯವರ ಎರಡು ಚಿತ್ರಗಳೂ ಅವರ ಸಂಗೀತದೊಡನೆ ಹೊರಬಂದವು. ಆ ವರ್ಷದ ಮಾರ್ಚಿಯಲ್ಲಿ ಅಮೆರಿಕವು ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬನ್ನು ಸಿಡಿಸಿದಾಗ ಅದರ ವಿಷಬೂದಿ ಜಪಾನೀ ಬೆಸ್ತರ ಮೇಲೆ ಬಿದ್ದಿತ್ತು. ಸಾವಿನ ಇಂತಹ ಬೆದರಿಕೆಯ ಕೆಳಗೆ ಮನುಷ್ಯನು ನೆಮ್ಮದಿಯಿಂದ ಕೆಲಸ ಮಾಡುವುದು ಸಾಧ್ಯವಿಲ್ಲವೆಂದು ಹಯಾಸಾಕರು ಗೆಳೆಯನಲ್ಲಿ ಹೇಳಿಕೊಂಡರು. ತನ್ನ ಸಾವನ್ನು ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡುತ್ತಿದ್ದವನ ಈ ಮಾತು ಕುರೊಸಾವರನ್ನು ಕಲಕಿತು. ಅದರಿಂದಲೇ ಅಣುಬಾಂಬಿನ ಭಯದಿಂದ ತತ್ತರಿಸುವ ಮುದುಕನೊಬ್ಬನ ಕಥೆ ಚಿತ್ರವಾಗತೊಡಗಿತು.

ಆ ಚಿತ್ರ ಪೂರ್ತಿಯಾಗುವುದನ್ನು ಹಯಾಸಾಕರು ಕಾಣಲಿಲ್ಲ. ತಾವು ಬೆಳೆದ ಹೊಕ್ಕೈಡೊದ ಐನು ಜನರ ವೀರಗಾಥೆಗಳನ್ನು ಆಧರಿಸಿದ ‘ಯುಕಾರ’ವೆಂಬ ದೊಡ್ಡ ವಾದ್ಯಕೃತಿಯನ್ನು ಅದೇ ವರ್ಷ ಲೋಕಕ್ಕೊಪ್ಪಿಸಿ, 1955ರ ಅಕ್ಟೋಬರ್ 15ರಂದು ಟೋಕಿಯೊದಲ್ಲಿ ಅವರು ಅಸುನೀಗಿದರು. ಉಳಿದ ಕೆಲಸವನ್ನು ಶಿಷ್ಯ ಮಸಾರು ಸಾತೊ ಮುಗಿಸಿಕೊಟ್ಟರು. ನವೆಂಬರಿನಲ್ಲಿ ಚಿತ್ರವು ಬಿಡುಗಡೆಯಾಯಿತು.

ಗುರುವಿನ ಕುರ್ಚಿಯಲ್ಲಿ ಕುಳಿತ ಸಾತೊ 1961ರಲ್ಲಿ ‘ಯೋಜಿಂಬೊ’ ಎಂಬ ಕತ್ತಿವರಸೆಯ ಚಿತ್ರಕ್ಕೆ ಸಂಗೀತ ರಚಿಸಿ ಖ್ಯಾತರಾದರು. ಹಯಾಸಾಕರ ಸಹಾಯಕರಾಗಿದ್ದ ತೋರು ತಾಕೆಮಿತ್ಸು 1957ರಲ್ಲಿ ಗುರುವಿನ ನೆನಪಿಗೆ ತಂತಿವಾದ್ಯಗಳ ಶೋಕಗೀತವೊಂದನ್ನು ಅರ್ಪಿಸಿ, 1962ರ ‘ಹರಾಕಿರಿ’ ಚಿತ್ರದಲ್ಲಿ ಬಿವಾ ಎಂಬ ಹಳೆಯ ತಂತಿವಾದ್ಯವನ್ನು ಖಡ್ಗದಷ್ಟೇ ಹರಿತವಾಗಿ ನುಡಿಸಿದರು. ಸಪ್ಪೊರೊದ ಗೆಳೆಯ ಇಫುಕುಬೆ, ಕುರುಡ ಖಡ್ಗಧಾರಿ ಝಾತೊಯಿಚಿಯ ಮೊದಲ ಚಿತ್ರಕ್ಕೆ ಅದೇ 1962ರಲ್ಲಿ ನಾದ ಕೊಟ್ಟರು.

‘ಏಳು ಸಮುರಾಯಿಗಳು’ ಚಿತ್ರವನ್ನು ನೋಡುವ ಅವಕಾಶ ಒದಗಿದಲ್ಲಿ ವಾಚಕರು ಸ್ವಲ್ಪ ಮುಂಚಿತವಾಗಿಯೇ ಆಸನದಲ್ಲಿರಬೇಕೆಂದು ನಮ್ಮ ಬಿನ್ನಹ. ತಡವಾಗಿ ಹೋದವರಿಗೆ ಆ ಮೊದಲ ಡೋಲು ತಪ್ಪಿಹೋಗುತ್ತದೆ. ಅದನ್ನು ಬರೆದವರ ಹೆಸರೂ ಆಗಲೇ ತೆರೆಯ ಮೇಲೆ ಬಂದು ಹೋಗಿರುತ್ತದೆ.