ಇಂದಿನ ಚಿಂತನೆ: ಬಾವುಟ ಎತ್ತಿದ ಐರಾ ಹೇಯ್ಸ್



ಕುಡಿದು ಬಿದ್ದವರನ್ನು ಕಂಡರೆ ಮುಖ ತಿರುಗಿಸುತ್ತೇವೆ. ಐದನೆಯ ಶೀಲ ಮುರಿದವರು ಎಂದುಕೊಂಡು ಮುಂದೆ ಹೋಗುತ್ತೇವೆ. ಆ ಕುಡಿತದ ಹಿಂದೆ ಯಾವ ಗಾಯ ಇರಬಹುದು ಎಂದು ಕೇಳಿಕೊಳ್ಳಲು ಇವತ್ತು ಒಂದು ಬದುಕನ್ನು ನೋಡೋಣ.

ಐರಾ ಹೇಯ್ಸ್ ಹುಟ್ಟಿದ್ದು 1923ರ ಜನವರಿ 12ರಂದು, ಅಮೆರಿಕದ ಅರಿಜೋನಾದಲ್ಲಿ, ಪೀಮಾ ಎಂಬ ಮೂಲನಿವಾಸಿ ಸಮುದಾಯದಲ್ಲಿ. ಪೀಮಾ ಜನ ತಮ್ಮ ಭಾಷೆಯಲ್ಲಿ ತಮ್ಮನ್ನು ಕರೆದುಕೊಳ್ಳುವುದು ನದಿಯ ಜನ ಎಂದು. ಹೀಲಾ ನದಿಯ ನೀರು ಹಾಯಿಸಿ ತಲೆತಲಾಂತರದಿಂದ ಬೇಸಾಯ ಮಾಡಿದವರು. ನದಿಯ ಮೇಲ್ಭಾಗದಲ್ಲಿ ನೆಲೆಸಿದ ಬಿಳಿಯರು ಆ ನೀರನ್ನು ತಿರುಗಿಸಿಕೊಂಡ ಮೇಲೆ ಇವರ ಹೊಲಗಳು ಒಣಗಿ, ಹಸಿವು ಬಂತು. ಅಂಥ ಮನೆಯ ಹುಡುಗ 1942ರಲ್ಲಿ ಸೈನ್ಯ ಸೇರಿದರು. ಆಗ ಅರಿಜೋನಾದ ಮೂಲನಿವಾಸಿಗಳಿಗೆ ಮತ ಹಾಕುವ ಹಕ್ಕೂ ಇರಲಿಲ್ಲ. ಅದು ಸಿಕ್ಕಿದ್ದು 1948ರಲ್ಲಿ.

1945ರ ಫೆಬ್ರವರಿಯಲ್ಲಿ ಜಪಾನಿನ ಇವೊ ಜಿಮಾ ದ್ವೀಪದಲ್ಲಿ ಘೋರ ಯುದ್ಧ ನಡೆಯಿತು. ಸುಮಾರು 7,000 ಅಮೆರಿಕನ್ನರು ಸತ್ತರು. ಜಪಾನೀಯರ ಸಾವು ಅದರ ಎರಡು ಪಟ್ಟಿಗೂ ಹೆಚ್ಚು. ಫೆಬ್ರವರಿ 23ರಂದು ಆರು ಸೈನಿಕರು ಅಲ್ಲಿನ ಬೆಟ್ಟದ ಮೇಲೆ ಬಾವುಟ ನೆಟ್ಟ ಫೋಟೋ ಜಗತ್ಪ್ರಸಿದ್ಧವಾಯಿತು. ಅವರಲ್ಲಿ ಐರಾ ಒಬ್ಬರು. ಕೆಲವೇ ವಾರಗಳಲ್ಲಿ ಆ ಆರು ಜನರಲ್ಲಿ ಮೂವರು ಅದೇ ದ್ವೀಪದಲ್ಲಿ ಪ್ರಾಣ ಬಿಟ್ಟರು.

ಬದುಕುಳಿದ ಐರಾ ಅವರನ್ನು ಸರ್ಕಾರ ಯುದ್ಧದ ಹಣ ಕೂಡಿಸಲು ಊರೂರು ಸುತ್ತಿಸಿತು. ಜನ ಚಪ್ಪಾಳೆ ತಟ್ಟಿದರು, ಕುಡಿಯಲು ಕೊಟ್ಟರು. ಈ ಗೌರವ ಸತ್ತ ಗೆಳೆಯರದು, ತನ್ನದಲ್ಲ ಎಂಬ ಸಂಕಟ ಅವರನ್ನು ಬಿಡಲಿಲ್ಲ. ಸತ್ತವರಲ್ಲಿ ಹಾರ್ಲನ್ ಬ್ಲಾಕ್ ಎಂಬುವರ ಹೆಸರಿನ ಬದಲು ಬೇರೆಯವರ ಹೆಸರು ದಾಖಲಾಗಿತ್ತು. ಮೇಲಧಿಕಾರಿ ಸುಮ್ಮನಿರಲು ಹೇಳಿದ್ದರೂ, 1946ರಲ್ಲಿ ಐರಾ ನಡೆದು, ಸಿಕ್ಕ ಗಾಡಿ ಹತ್ತಿ, ಸುಮಾರು 2,000 ಕಿ.ಮೀ. ದೂರದ ಟೆಕ್ಸಾಸ್‌ಗೆ ಹೋಗಿ ಹಾರ್ಲನ್ ತಂದೆಗೆ ನಿಜ ತಿಳಿಸಿದರು. ಮರುವರ್ಷ ದಾಖಲೆ ತಿದ್ದಲಾಯಿತು.

ಸತ್ತ ಗೆಳೆಯನ ಋಣ ತೀರಿಸಿದ ಮನುಷ್ಯನಿಗೆ ತನ್ನ ಗಾಯ ವಾಸಿ ಮಾಡಿಕೊಳ್ಳುವ ದಾರಿ ಸಿಗಲಿಲ್ಲ. ಕುಡಿತಕ್ಕಾಗಿ ಸುಮಾರು ಐವತ್ತು ಸಲ ಪೊಲೀಸರು ಹಿಡಿದರು. 1954ರ ನವೆಂಬರ್‌ನಲ್ಲಿ ಆ ಫೋಟೋದ ಬೃಹತ್ ಕಂಚಿನ ಪ್ರತಿಮೆ ಅನಾವರಣಗೊಂಡಾಗ ಐರಾ ಅಲ್ಲಿದ್ದರು, ರಾಷ್ಟ್ರಾಧ್ಯಕ್ಷರೂ ಬಂದಿದ್ದರು. ಹತ್ತೇ ವಾರ ಕಳೆದು, 1955ರ ಜನವರಿ 24ರಂದು, ತಮ್ಮ ಊರಿನ ಬಳಿ ಪಾಳುಬಿದ್ದ ಗುಡಿಸಲಿನ ಪಕ್ಕ ಅವರ ಹೆಣ ಸಿಕ್ಕಿತು. ಚಳಿ ಮತ್ತು ಮದ್ಯ ಕಾರಣ ಎಂದು ಬರೆದರು. ವಯಸ್ಸು 32.

ಯುದ್ಧ ಮುಗಿದರೂ ಮೈ ಮನಸ್ಸು ಅದನ್ನು ನಂಬುವುದಿಲ್ಲ. ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ತಾನೊಬ್ಬನೇ ಉಳಿದೆನಲ್ಲ ಎಂಬ ಅಪರಾಧಭಾವ, ಜನರಿಂದ ದೂರವಾಗುವುದು. ಮದ್ಯ ಒಂದು ರಾತ್ರಿ ಮರೆಸುತ್ತದೆ, ಆಮೇಲೆ ಇರುವ ನಿದ್ದೆಯನ್ನೂ ಕೆಡಿಸುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಇದು ದಶಕಗಳ ಕಾಲ ಉಳಿಯಬಹುದು, ಹೆಂಡತಿ ಮಕ್ಕಳನ್ನೂ ಸುಡಬಹುದು. ಐರಾ ಕಾಲದಲ್ಲಿ ಇದನ್ನು ಯುದ್ಧದ ಆಯಾಸ ಎಂದಷ್ಟೇ ಕರೆಯುತ್ತಿದ್ದರು. ಅಮೆರಿಕದ ಮನೋವೈದ್ಯರು ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಆಗ ಐರಾ ಸತ್ತು 25 ವರ್ಷ ಕಳೆದಿತ್ತು.

ಬುದ್ಧರು ಮೊದಲು ಹೇಳಿದ್ದು ದುಃಖವಿದೆ ಎಂದು, ಆಮೇಲೆ ಅದಕ್ಕೆ ಕಾರಣವಿದೆ ಎಂದು. ಶೀಲವನ್ನು ನಾವು ಪಾಲಿಸೋಣ; ಅದನ್ನೇ ಕೋಲು ಮಾಡಿಕೊಂಡು ನೊಂದವರನ್ನು ಹೊಡೆಯುವುದು ಬೇಡ. ನಮ್ಮ ಕೇರಿಯಲ್ಲೂ ಸೈನ್ಯದಿಂದ ಬಂದವರು, ಗಲಭೆ ದೌರ್ಜನ್ಯ ಕಂಡವರು ಇರಬಹುದು. ಇವತ್ತು ಅಂಥ ಒಬ್ಬರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳೋಣ. ಇದಕ್ಕೆ ಈಗ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಮಾತಾಡುತ್ತಾರೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.