ಅಲನ್ ಟ್ಯೂರಿಂಗನ ಚರಿತ್ರೆ

ಕೃತಕ ಬುದ್ಧಿಯೆಂಬ ಮಾತು ಈಗ ಬಳ್ಳಾರಿಯ ಬೀದಿಗಳಲ್ಲಿಯೂ ಸಿರುಗುಪ್ಪ, ಕುರುಗೋಡುಗಳ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಯಂತ್ರದ ಬುದ್ಧಿಯು ಜನರಿಗೆ ಹಿತವಾಗುವುದೋ ಕೇಡಾಗುವುದೋ ಎಂದು ದೊಡ್ಡವರೂ ಚಿಂತಿಸುತ್ತಿರುವರು. ಈ ಪ್ರಶ್ನೆಗೆ ಬೆಳಕು ಕೊಡುವ ಒಬ್ಬ ಗಣಿತಜ್ಞನ ಚರಿತ್ರೆಯನ್ನು ನಿಮಗಾಗಿ ಇಲ್ಲಿ ಸಂಗ್ರಹವಾಗಿ ಬರೆದಿದ್ದೇನೆ.

ಅಲನ್ ಟ್ಯೂರಿಂಗನು ಇಂಗ್ಲೆಂಡಿನವನಾದರೂ ಅವನ ಮನೆತನವು ನಮ್ಮ ಸೀಮೆಗೆ ಅಪರಿಚಿತವಾದುದಲ್ಲ. ತಂದೆ ಜೂಲಿಯಸ್ ಟ್ಯೂರಿಂಗನು 1896ರಲ್ಲಿ ಮದರಾಸು ಪ್ರಾಂತ್ಯದ ಸಿವಿಲ್ ಸರ್ವಿಸಿಗೆ ಬಂದು, ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣದ ಜಿಲ್ಲೆಗಳಲ್ಲಿ ಅಧಿಕಾರಿಯಾಗಿ ದುಡಿದನು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ಸ್ಟೋನಿ ಎಂಬ ರೈಲ್ವೆ ಇಂಜಿನಿಯರನು ತುಂಗಭದ್ರಾ ನದಿಗೆ ಸೇತುವೆ ಕಟ್ಟಿಸಿದವನು. ಸಿರುಗುಪ್ಪದ ಭತ್ತದ ಗದ್ದೆಗಳಿಗೆ ಜೀವವಾಗಿರುವ ಹೊಳೆಯೇ ಅದು.

ಅಲನನು 1912ನೆಯ ಇಸವಿ ಜೂನ್ 23ರಂದು ಲಂಡನ್ ಪಟ್ಟಣದಲ್ಲಿ ಜನಿಸಿದನು. ತಂದೆಗೆ ಹಿಂದೂದೇಶದಲ್ಲಿ ಉದ್ಯೋಗವಿದ್ದುದರಿಂದ ಮಕ್ಕಳಿಬ್ಬರನ್ನೂ ಇಂಗ್ಲೆಂಡಿನ ಪರರ ಮನೆಯೊಂದರಲ್ಲಿ ಬಿಡಬೇಕಾಯಿತು. ತಾಯಿತಂದೆಗಳ ಸಹವಾಸವು ಆ ಬಾಲಕನಿಗೆ ಆಗಾಗ್ಗೆ ಮಾತ್ರ ದೊರೆಯುತ್ತಿತ್ತು. 1926ರಲ್ಲಿ ಷರ್ಬರ್ನ್ ಎಂಬ ಶಾಲೆಗೆ ಸೇರಬೇಕಾದ ದಿನ ದೇಶದಲ್ಲೆಲ್ಲಾ ಮುಷ್ಕರವಿದ್ದು ರೈಲುಗಳು ನಿಂತಿದ್ದವು. ಅವನು ಅರುವತ್ತು ಮೈಲಿಗಳ ದಾರಿಯನ್ನು ಬೈಸಿಕಲ್ಲಿನ ಮೇಲೆ ಕ್ರಮಿಸಿ ಶಾಲೆಯನ್ನು ಮುಟ್ಟಿದನು. ಅಲ್ಲಿ ಕ್ರಿಸ್ಟಫರ್ ಮಾರ್ಕಮ್ ಎಂಬ ಬುದ್ಧಿವಂತನಾದ ಗೆಳೆಯನು ದೊರೆತನು. 1930ರಲ್ಲಿ ಆ ಗೆಳೆಯನು ಕ್ಷಯರೋಗದಿಂದ ತೀರಿಕೊಂಡನು. ಮನುಷ್ಯನ ಮನಸ್ಸು ಎಂಬುದೇನು, ದೇಹ ಅಳಿದ ಬಳಿಕ ಅದು ಏನಾಗುವುದು ಎಂಬ ಪ್ರಶ್ನೆಯು ಆ ದುಃಖದಿಂದ ಅವನಲ್ಲಿ ಮೂಡಿತು.

ಮುಂದೆ ಕೇಂಬ್ರಿಜ್ಜಿನಲ್ಲಿ ಗಣಿತವನ್ನು ವ್ಯಾಸಂಗ ಮಾಡಿ, 1936ರಲ್ಲಿ ಒಂದು ಪ್ರಬಂಧವನ್ನು ಬರೆದನು. ಬರೆದಿಟ್ಟ ನಿಯಮಗಳನ್ನು ಒಂದೊಂದಾಗಿ ಅನುಸರಿಸುವ ಒಂದೇ ಯಂತ್ರವು, ನಿಯಮಗಳನ್ನು ಬದಲಾಯಿಸಿದ ಮಾತ್ರಕ್ಕೆ ಬೇರೆ ಬೇರೆ ಕೆಲಸಗಳನ್ನೆಲ್ಲಾ ಮಾಡಬಲ್ಲುದೆಂದು ಅದರಲ್ಲಿ ತೋರಿಸಿದನು. ಇಂದಿನ ಕಂಪ್ಯೂಟರುಗಳಿಗೆ ಆಧಾರವಾದ ಭಾವನೆಗಳಲ್ಲಿ ಇದು ಮುಖ್ಯವಾದುದು.

1939ರಲ್ಲಿ ಮಹಾಯುದ್ಧ ಪ್ರಾರಂಭವಾಗಲು ಅವನು ಬ್ಲೆಚ್ಲಿ ಪಾರ್ಕ್ ಎಂಬ ಗುಪ್ತಸ್ಥಾನದಲ್ಲಿ ಕೆಲಸಕ್ಕೆ ಸೇರಿದನು. ಜರ್ಮನರು ಎನಿಗ್ಮಾ ಎಂಬ ಯಂತ್ರದಿಂದ ಸಂದೇಶಗಳ ಅಕ್ಷರಗಳನ್ನು ಮಾರ್ಪಡಿಸಿ ಕಳುಹಿಸುತ್ತಿದ್ದರು. ಪೋಲೆಂಡಿನ ಗಣಿತಜ್ಞರು ಮೊದಲೇ ಹಾಕಿಕೊಟ್ಟಿದ್ದ ದಾರಿಯನ್ನು ಹಿಡಿದು, ಟ್ಯೂರಿಂಗನು ಆ ಗುಟ್ಟನ್ನು ಬಿಡಿಸುವ ಯಂತ್ರವೊಂದನ್ನು ರಚಿಸಿದನು. ಇದರಿಂದ ಸಮುದ್ರದಲ್ಲಿ ಅನೇಕ ಹಡಗುಗಳೂ ಪ್ರಾಣಗಳೂ ಉಳಿದವು. ಅಲ್ಲಿ ಕೆಲಸ ಮಾಡಿದವರಲ್ಲಿ ಬಹುಭಾಗ ಸ್ತ್ರೀಯರೇ ಇದ್ದರೆಂಬುದನ್ನು ನೀವು ಮರೆಯಬಾರದು. ಜೋನ್ ಕ್ಲಾರ್ಕ್ ಎಂಬಾಕೆ ಟ್ಯೂರಿಂಗನೊಡನೆ ಸಮಾನವಾಗಿ ಗುಪ್ತಲಿಪಿಗಳನ್ನು ಬಿಡಿಸಿದವಳು. ಹೆಂಗಸೆಂಬ ಕಾರಣದಿಂದ ಆಕೆಗೆ ಸಂಬಳ ಮಾತ್ರ ಕಡಿಮೆಯಾಗಿತ್ತು.

ಯುದ್ಧಾನಂತರ ಅವನು ಗಣಕಯಂತ್ರಗಳ ರಚನೆಗೆ ತೊಡಗಿ, 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಬಂದನು. 1950ರಲ್ಲಿ ಯಂತ್ರಗಳು ಆಲೋಚಿಸಬಲ್ಲವೇ ಎಂಬುದನ್ನು ಕುರಿತು ಒಂದು ಪ್ರಸಿದ್ಧ ಲೇಖನವನ್ನು ಪ್ರಕಟಿಸಿದನು. ಉಪಾಧ್ಯಾಯಿನಿಯಾದ ನನಗೆ ಅದರಲ್ಲಿ ಬಹಳ ಹಿಡಿಸಿದ ಸಂಗತಿಯೊಂದುಂಟು. ಪ್ರೌಢನಾದ ಮನುಷ್ಯನ ಬುದ್ಧಿಯನ್ನು ಒಮ್ಮೆಗೇ ಯಂತ್ರದಲ್ಲಿ ಕಟ್ಟಲು ಯತ್ನಿಸುವುದಕ್ಕಿಂತ, ಮಗುವಿನ ಮನಸ್ಸಿನಂಥ ಒಂದು ಯಂತ್ರವನ್ನು ರಚಿಸಿ, ಅದಕ್ಕೆ ವಿದ್ಯೆ ಕಲಿಸುವುದು ಲೇಸೆಂದು ಅವನು ಹೇಳಿದನು. ಸರಿಯಾಗಿ ನಡೆದರೆ ಮೆಚ್ಚುಗೆ, ತಪ್ಪಿದರೆ ಶಿಕ್ಷೆ ಎಂಬ ಶಾಲೆಯ ಕ್ರಮವನ್ನೇ ಅದಕ್ಕೂ ಸೂಚಿಸಿದನು. ಹೀಗೆ ಕಲಿತ ಯಂತ್ರದ ಒಳಗೆ ಏನು ನಡೆಯುತ್ತಿದೆಯೆಂಬುದು ಅದರ ಗುರುವಿಗೇ ಪೂರ್ತಿಯಾಗಿ ತಿಳಿಯದೆಂದೂ ಅವನು ಒಪ್ಪಿಕೊಂಡನು. ತರಗತಿಯಲ್ಲಿ ನಿಂತು ಪಾಠ ಹೇಳಿದವರಿಗೆಲ್ಲಾ ಈ ಮಾತಿನ ಸತ್ಯವು ಗೊತ್ತು.

ಇಂದಿನ ಕೃತಕ ಬುದ್ಧಿಯು ಬೆಳೆದಿರುವುದು ಹೆಚ್ಚುಕಡಮೆ ಇದೇ ಮಾರ್ಗದಲ್ಲಿ. ಜನರು ಬರೆದದ್ದು, ನುಡಿದದ್ದು, ಹಿಂದೆ ತೀರ್ಮಾನಿಸಿದ್ದು ಇವೇ ಅದಕ್ಕೆ ಪಾಠಗಳು. ಪಾಠ ಒಳ್ಳೆಯದಾದರೆ ಕುರುಗೋಡಿನ ರೈತನು ತನ್ನ ಮೆಣಸಿನ ಗಿಡದ ರೋಗವನ್ನು ಎಲೆಯ ಚಿತ್ರದಿಂದಲೇ ಅರಿಯಬಹುದು. ಆದರೆ ಹಿಂದಿನವರು ಹೆಂಗಸರಿಗೆ ಸಾಲ ಕೊಡಲು ಹಿಂಜರಿದಿದ್ದರೆ, ಆ ಲೆಕ್ಕಪತ್ರಗಳಿಂದ ಕಲಿತ ಯಂತ್ರವು ಸಿರುಗುಪ್ಪದ ಒಕ್ಕಲುಗಿತ್ತಿಗೂ ಸಾಲವಿಲ್ಲವೆನ್ನುವುದು. ಯಂತ್ರಕ್ಕೆ ದ್ವೇಷವಿಲ್ಲ, ನಿಜ. ನಾವು ಮಾಡಿದ ಅನ್ಯಾಯವನ್ನೇ ಅದು ವಿಧೇಯ ಶಿಷ್ಯನಂತೆ ಒಪ್ಪಿಸುತ್ತದೆ.

ಕನಿಕರವಿಲ್ಲದೆ ನಿಯಮವನ್ನು ನಡೆಸಿದರೆ ಏನಾಗುವುದೆಂಬುದಕ್ಕೆ ಟ್ಯೂರಿಂಗನ ಕೊನೆಗಾಲವೇ ಸಾಕ್ಷಿ. 1952ರಲ್ಲಿ ತನ್ನ ಮನೆಯಲ್ಲಿ ಕಳವಾಯಿತೆಂದು ಅವನು ಪೊಲೀಸರಿಗೆ ದೂರಿತ್ತನು. ವಿಚಾರಣೆಯಲ್ಲಿ, ತನಗೆ ಒಬ್ಬ ಪುರುಷನೊಡನೆ ಪ್ರೇಮಸಂಬಂಧವುಂಟೆಂದು ಮುಚ್ಚುಮರೆಯಿಲ್ಲದೆ ತಿಳಿಸಿದನು. ಅದು ಆ ದೇಶದ ಅಂದಿನ ಕಾಯಿದೆಯಲ್ಲಿ ಅಪರಾಧವಾಗಿತ್ತು. ಸೆರೆಮನೆಗೆ ಬದಲಾಗಿ ಒಂದು ವರ್ಷಕಾಲ ದೇಹವನ್ನು ಕೆಡಿಸುವ ಔಷಧವನ್ನು ಅವನಿಗೆ ಕೊಡಲಾಯಿತು. ಸರ್ಕಾರದ ಗುಪ್ತಲಿಪಿಯ ಕೆಲಸದಿಂದಲೂ ಅವನನ್ನು ದೂರವಿಟ್ಟರು. ದೇಶವನ್ನು ಕಾಪಾಡಿದವನೆಂಬ ಸಂಗತಿಯು ರಹಸ್ಯವಾಗಿದ್ದುದರಿಂದ ಅವನ ಪರವಾಗಿ ಅದನ್ನು ಬಹಿರಂಗದಲ್ಲಿ ಹೇಳುವಂತಿರಲಿಲ್ಲ. 1954ನೆಯ ಇಸವಿ ಜೂನ್ 7ರಂದು, ನಾಲ್ವತ್ತೊಂದನೆಯ ವಯಸ್ಸಿನಲ್ಲಿ, ವಿಷದಿಂದ ಮರಣ ಹೊಂದಿದನು. ವಿಚಾರಕರು ಆತ್ಮಹತ್ಯೆಯೆಂದರು, ತಾಯಿಯು ಅದು ಆಕಸ್ಮಿಕವೆಂದೇ ನಂಬಿದ್ದಳು.

2009ರಲ್ಲಿ ಬ್ರಿಟಿಷ್ ಪ್ರಧಾನಮಂತ್ರಿಯು ಸರ್ಕಾರದ ಪರವಾಗಿ ಕ್ಷಮೆ ಬೇಡಿದನು. 2013ರಲ್ಲಿ ರಾಣಿಯು ಕ್ಷಮಾದಾನವನ್ನಿತ್ತಳು. ನಮ್ಮ ದೇಶದಲ್ಲಿ 1860ರ ದಂಡಸಂಹಿತೆಯೊಡನೆ ಬಂದಿದ್ದ ಅಂತಹದೇ ವಿಧಿಯನ್ನು 2018ರಲ್ಲಿ ಸುಪ್ರೀಂ ಕೋರ್ಟು ವಯಸ್ಕರ ಸಮ್ಮತ ಸಂಬಂಧಗಳ ಮಟ್ಟಿಗೆ ತೆಗೆದುಹಾಕಿತು. ಆದರೆ ಸತ್ತವನಿಗೆ ಕ್ಷಮೆಯಿಂದೇನು ಫಲ? ಟ್ಯೂರಿಂಗನಿಗೆ ಶಿಕ್ಷೆ ವಿಧಿಸಿದವರು ನಿಯಮದಂತೆಯೇ ನಡೆದರು. ನಿಯಮವೇ ತಪ್ಪಾಗಿರಬಹುದೆಂದು ಯೋಚಿಸಿ ಕೈ ತಡೆಯುವ ಹೃದಯವು ಅಲ್ಲಿರಲಿಲ್ಲ. ಆದಕಾರಣ ಮನುಷ್ಯರ ಅನ್ನ, ಮಾನ, ಪ್ರಾಣಗಳ ತೀರ್ಮಾನವನ್ನು ಯಂತ್ರಕ್ಕೇ ಒಪ್ಪಿಸಿ ಸುಮ್ಮನಿರುವುದು ತಕ್ಕುದಲ್ಲ. ತೀರ್ಮಾನಕ್ಕೆ ಕಾರಣವನ್ನು ಕೇಳುವ ಹಕ್ಕು ಬಡವರಿಗೂ ಇರಬೇಕು. ಮರಳಿ ವಿಚಾರಿಸಲು ಉತ್ತರವಾದಿಯಾದ ಮನುಷ್ಯರೊಬ್ಬರು ಇರಬೇಕು.

2023ರ ನವೆಂಬರಿನಲ್ಲಿ ಅದೇ ಬ್ಲೆಚ್ಲಿ ಪಾರ್ಕಿನಲ್ಲಿ ಅನೇಕ ರಾಷ್ಟ್ರಗಳ ಪ್ರತಿನಿಧಿಗಳು ಕೂಡಿ, ಕೃತಕ ಬುದ್ಧಿಯು ಅಪಾಯಕಾರಿಯಾಗದೆ ಮನುಷ್ಯರ ಹಿತಕ್ಕೆ ಒದಗಬೇಕೆಂಬ ಘೋಷಣೆಗೆ ಒಪ್ಪಿದರು. ಭಾರತವೂ ಅವುಗಳಲ್ಲಿ ಒಂದು. ಆದರೆ ಘೋಷಣೆಯಿಂದ ಮಾತ್ರ ಶಿಷ್ಯನು ಸದ್ಗುಣಿಯಾಗುವುದಿಲ್ಲ. ಒಳ್ಳೆಯ ಗುರುಗಳು ಬೇಕು. ಗಣಿತದ ಲೆಕ್ಕಕ್ಕೆ ಹೆದರಿ ಪುಸ್ತಕವನ್ನು ಮುಚ್ಚಬೇಡಿರಿ. ಲೆಕ್ಕವನ್ನು ಬಲ್ಲವರಾಗಿ, ನೆರೆಯವರ ನೋವನ್ನೂ ಅರಿತವರಾಗಿ ಬೆಳೆಯಿರಿ. ನಾಳೆ ಈ ಯಂತ್ರಗಳಿಗೆ ಪಾಠ ಹೇಳುವವರ ಸಾಲಿನಲ್ಲಿ ಬಳ್ಳಾರಿ ಸೀಮೆಯ ಹೆಣ್ಣುಮಕ್ಕಳೂ ನಿಲ್ಲುವಂತೆ ದೇವರು ಅನುಗ್ರಹಿಸಲಿ.